ಚುರಾಉಮಿಯಲ್ಲಿ ಒಂದು ದಿನ: ಒಂದೇ ಟ್ಯಾಂಕ್ ಮುಂದೆ ಒಂದು ಗಂಟೆ ಕೂತುಕೊಳ್ಳಿ

ಪ್ರಶ್ನೆ: ಸರ್, ನಾವು ಜಪಾನಿನ ಯೊಕೊಹಾಮಾದಲ್ಲಿದ್ದೇವೆ. ನಮ್ಮೂರು ಸಾಗರದಿಂದ ಅಪ್ಪ ಅಮ್ಮ ಬಂದಿದ್ದಾರೆ. ನವೆಂಬರ್‌ನಲ್ಲಿ ಅವರನ್ನೂ ಮಕ್ಕಳಿಬ್ಬರನ್ನೂ ಕರೆದುಕೊಂಡು ಓಕಿನಾವಾಗೆ ಹೋಗುತ್ತಿದ್ದೇವೆ. ಚುರಾಉಮಿ ಅಕ್ವೇರಿಯಂಗೆ ಸಿಗುವುದು ಒಂದೇ ದಿನ. ಅಷ್ಟು ಸಾಕಾ? ಹೇಗೆ ನೋಡಬೇಕು? ಅಪ್ಪನಿಗೆ ಮಂಡಿನೋವು. ಅಮ್ಮ ಶುದ್ಧ ಸಸ್ಯಾಹಾರಿ, "ಕಡಲಲ್ಲಿರೋ ಮೀನನ್ನ ಡಬ್ಬಿಯಲ್ಲಿ ಹಾಕಿಟ್ಟಿದ್ದನ್ನ ನೋಡೋಕೆ ಅಷ್ಟು ದೂರ ಹೋಗಬೇಕಾ?" ಅಂತಾರೆ. ಹನ್ನೊಂದು ವರ್ಷದ ಮಗನದ್ದು ಒಂದೇ ಪ್ರಶ್ನೆ: ಅಷ್ಟು ದೊಡ್ಡ ಶಾರ್ಕ್ ಪಕ್ಕದಲ್ಲಿರುವ ಮೀನುಗಳನ್ನು ಯಾಕೆ ತಿನ್ನುವುದಿಲ್ಲ? ಮಗಳಿಗೆ ಐದು ವರ್ಷ, ಅವಳಿಗೆ ಡಾಲ್ಫಿನ್ ನೋಡಬೇಕು.

ಉತ್ತರ: ಒಂದು ದಿನ ಧಾರಾಳವಾಗಿ ಸಾಕು. ಆದರೆ ನನ್ನದೊಂದು ಮಾತು ನಡೆಸಿಕೊಡಿ. ಅಲ್ಲಿ ಕುರೊಶಿಯೊ ಅನ್ನುವ ದೊಡ್ಡ ಟ್ಯಾಂಕ್ ಇದೆ. ಅದರ ಮುಂದೆ ಕಡಿಮೆ ಅಂದರೂ ಒಂದು ಗಂಟೆ ಕೂತುಕೊಳ್ಳಿ. ಬೇರೆ ಏನು ಬಿಟ್ಟುಹೋದರೂ ಪರವಾಗಿಲ್ಲ.

ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಆಮೇಲೆ ಇಪ್ಪತ್ತು ವರ್ಷ ಟ್ಯಾಂಕ್‌ಗಳ ನೀರು ಮತ್ತು ಮೀನು ನೋಡಿಕೊಳ್ಳುವ ಕೆಲಸ ಮಾಡಿದವನು ನಾನು. ಜನ ಬಂದು ಒಂದು ಟ್ಯಾಂಕ್ ಮುಂದೆ ಅರ್ಧ ನಿಮಿಷ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಇದನ್ನು ದಿನಾ ನೋಡಿದ್ದೇನೆ, ದಿನಾ ಬೇಜಾರಾಗುತ್ತಿತ್ತು. ಅರ್ಧ ನಿಮಿಷದಲ್ಲಿ ಕಾಣುವುದು ಮೀನಿನ ಬಣ್ಣ ಮತ್ತು ಗಾತ್ರ ಅಷ್ಟೇ. ಅದು ಹೇಗೆ ತಿರುಗುತ್ತದೆ, ಯಾರನ್ನು ಕಂಡರೆ ದಾರಿ ಬಿಡುತ್ತದೆ, ಯಾವ ಮೂಲೆ ಅದಕ್ಕೆ ಇಷ್ಟ, ಇದೆಲ್ಲ ಕಾಣಬೇಕಾದರೆ ಕೂರಬೇಕು. ಮಂಡಿನೋವಿರುವ ನಿಮ್ಮ ಅಪ್ಪನಿಗೆ ಇದು ಹೇಳಿ ಮಾಡಿಸಿದ ಜಾಗ.

ಮೊದಲು ಹೋಗುವ ವಿಷಯ. ಅಕ್ವೇರಿಯಂ ಇರುವುದು ದ್ವೀಪದ ಉತ್ತರದ ಮೊತೊಬು ಅನ್ನುವ ಊರಿನಲ್ಲಿ. ನಾಹಾ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ, ಬಸ್ಸಾದರೆ ಇನ್ನೂ ಜಾಸ್ತಿ. ಅಲ್ಲಿಗೆ ರೈಲಿಲ್ಲ. ನಾಹಾದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸಾಗುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಹಿಂದಿನ ರಾತ್ರಿಯೇ ನಾಗೋದಲ್ಲೋ ಮೊತೊಬುವಿನಲ್ಲೋ ಉಳಿದುಕೊಳ್ಳಿ. ಟೂರ್ ಬಸ್ಸುಗಳು ಬಂದು ಸೇರುವುದು ಹನ್ನೊಂದರ ಮೇಲೆ. ಮಧ್ಯಾಹ್ನ ಮೂರರವರೆಗೂ ಒಳಗೆ ನಮ್ಮ ಜಾತ್ರೆಯ ಹಾಗೆ ಇರುತ್ತದೆ. ಸಾಮಾನ್ಯವಾಗಿ ಬಾಗಿಲು ತೆರೆಯುವುದು ಎಂಟೂವರೆಗೆ. ಆ ಹೊತ್ತಿಗೆ ನೀವು ಬಾಗಿಲಲ್ಲಿ ಇರಬೇಕು. ದೊಡ್ಡವರಿಗೆ ಟಿಕೆಟ್ 2,180 ಯೆನ್, ಮಗಳಿಗೆ ಬೇಡ. ಆದರೂ ಹೊರಡುವ ಮುಂಚೆ ದರ, ಸಮಯ ಎರಡನ್ನೂ ಒಮ್ಮೆ ನೋಡಿಕೊಳ್ಳಿ. ಅದೇ ಟಿಕೆಟ್‌ನಲ್ಲಿ ಅವತ್ತೇ ಹೊರಗೆ ಹೋಗಿ ಮತ್ತೆ ಒಳಗೆ ಬರಬಹುದು. ನಿಮ್ಮ ಇಡೀ ದಿನ ನಿಂತಿರುವುದು ಈ ಸೌಲಭ್ಯದ ಮೇಲೆ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಒಳಗೆ, ಆಮೇಲೆ ಹೊರಗೆ, ನಾಲ್ಕರ ಮೇಲೆ ಮತ್ತೆ ಒಳಗೆ. ಗಾಲಿಕುರ್ಚಿ ಅಲ್ಲೇ ಬಾಡಿಗೆಯಿಲ್ಲದೆ ಕೊಡುತ್ತಾರೆ. "ನನಗೇನೂ ಆಗಿಲ್ಲ" ಅಂತ ಅಪ್ಪ ಹೇಳಿದರೂ ತೆಗೆದುಕೊಳ್ಳಿ. ಪಾರ್ಕ್ ಇರುವುದು ಗುಡ್ಡದ ಇಳಿಜಾರಿನಲ್ಲಿ, ಕೆಳಗೆ ಕಡಲು. ಇಳಿಯುವಾಗ ಗೊತ್ತಾಗುವುದಿಲ್ಲ, ಹತ್ತುವಾಗ ಮಂಡಿಗೆ ಗೊತ್ತಾಗುತ್ತದೆ.

ಈ ಜಾಗಕ್ಕೆ ಒಂದು ಹಿನ್ನೆಲೆ ಇದೆ. 1975ರಲ್ಲಿ ಇಲ್ಲಿ ಸಮುದ್ರದ ವಿಷಯವಾಗಿಯೇ ಒಂದು ಅಂತರರಾಷ್ಟ್ರೀಯ ಮೇಳ ನಡೆದಿತ್ತು. ಅದರ ನೆನಪಿಗೆ ಉಳಿದದ್ದು ಈ ಓಷನ್ ಎಕ್ಸ್‌ಪೋ ಪಾರ್ಕ್. ಈಗಿನ ಅಕ್ವೇರಿಯಂ ಕಟ್ಟಡ ಶುರುವಾದದ್ದು 2002ರ ನವೆಂಬರ್ 1ರಂದು. ಓಕಿನಾವಾದವರ ಮಾತಿನಲ್ಲಿ ಚುರಾ ಅಂದರೆ ಚೆಂದ, ಉಮಿ ಅಂದರೆ ಕಡಲು.

ಕಟ್ಟಡವನ್ನು ಅವರು ಯೋಚಿಸಿ ಕಟ್ಟಿದ್ದಾರೆ. ಮೇಲಿನಿಂದ ಒಳಗೆ ಹೋಗಿ ಮಹಡಿ ಮಹಡಿಯಾಗಿ ಕೆಳಗೆ ಇಳಿಯಬೇಕು. ದಡದಿಂದ ಹೊರಟು ಆಳಕ್ಕೆ ಇಳಿದ ಹಾಗೆ. ಮೊದಲು ಸಿಗುವುದು ಮುಟ್ಟಿ ನೋಡುವ ತೊಟ್ಟಿ. ಹವಳದ ದಿಬ್ಬದ ಒಳಗಡೆ ನಿಲ್ಲುವ ಮೊಣಕಾಲುದ್ದದ ನೀರಿಗೆ ಅಲ್ಲಿನವರು ಇನೋ ಅನ್ನುತ್ತಾರೆ. ಅದನ್ನೇ ಇಲ್ಲಿ ಮಾಡಿಟ್ಟಿದ್ದಾರೆ. ನಕ್ಷತ್ರ ಮೀನು, ಸಮುದ್ರ ಸೌತೆ ಇರುತ್ತವೆ. ಮಗಳಿಗೆ ಇಲ್ಲಿ ಬೇಕಾದಷ್ಟು ಹೊತ್ತು ಕೊಡಿ. ಎರಡು ಬೆರಳಿನಿಂದ ಮೆತ್ತಗೆ ಮುಟ್ಟಬೇಕು, ನೀರಿನಿಂದ ಮೇಲಕ್ಕೆ ಎತ್ತಬಾರದು ಅಂತ ಮೊದಲೇ ಹೇಳಿಕೊಡಿ. ನಕ್ಷತ್ರ ಮೀನು ನಡೆಯುವುದೇ ಒಳಗಿನ ನೀರಿನ ಒತ್ತಡದಿಂದ. ಹೊಟ್ಟೆಯ ಕಡೆ ನೂರಾರು ಪುಟ್ಟ ಕೊಳವೆ ಕಾಲುಗಳಿರುತ್ತವೆ. ಗಾಜಿಗೆ ಅಂಟಿಕೊಂಡದ್ದು ಸಿಕ್ಕಿದರೆ ಆ ಕಾಲುಗಳು ಒಂದೊಂದಾಗಿ ಬಿಟ್ಟು ಹಿಡಿಯುವುದು ಕಾಣುತ್ತದೆ. ಐದು ವರ್ಷದವರಿಗೆ ಶಾರ್ಕ್‌ಗಿಂತ ಇದು ಹೆಚ್ಚು ಹಿಡಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅದರ ಪಕ್ಕದ ಹವಳದ ಟ್ಯಾಂಕಿಗೆ ಮೇಲೆ ಸೂರಿಲ್ಲ. ಇದನ್ನು ಅಮ್ಮನಿಗೆ ತೋರಿಸಿ. ಹವಳ ನೋಡಲು ಕಲ್ಲಿನ ಹಾಗೆ, ಗಿಡದ ಹಾಗೆ ಇದ್ದರೂ ಅದೊಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬದುಕಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹವಳಕ್ಕೆ ಊಟ ಸಿಗುತ್ತದೆ, ಪಾಚಿಗೆ ಮನೆ ಸಿಗುತ್ತದೆ. ನೀರು ಒಂದೆರಡು ಡಿಗ್ರಿ ಜಾಸ್ತಿ ಬಿಸಿಯಾಗಿ ಹಲವು ವಾರ ಹಾಗೇ ಇದ್ದರೆ ಈ ಸಂಬಂಧ ಮುರಿದುಹೋಗುತ್ತದೆ. ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ಓಕಿನಾವಾದ ಕಡಲಿನಲ್ಲಿ 1998ರಲ್ಲೂ 2016ರಲ್ಲೂ ಹೀಗೆ ದೊಡ್ಡ ಪ್ರಮಾಣದಲ್ಲಿ ಆಯಿತು. ಈ ಟ್ಯಾಂಕಿಗೆ ಎದುರಿನ ಕಡಲಿನ ನೀರೇ ಹೊಸದಾಗಿ ಬರುತ್ತಿರುತ್ತದೆ, ನಿಜವಾದ ಬಿಸಿಲೇ ಬೀಳುತ್ತದೆ. ಮೋಡ ಬಂದರೆ ಒಳಗೂ ಮಂಕಾಗುತ್ತದೆ, ಮೋಡ ಸರಿದರೆ ತಳದ ಮರಳಿನ ಮೇಲೆ ಬೆಳಕಿನ ಬಲೆ ಓಡುತ್ತದೆ. ಒಂದು ಮೋಡ ಬಂದು ಹೋಗುವವರೆಗೆ ನಿಲ್ಲಿ, ಸಾಕು.

ಮಧ್ಯದ ಸಣ್ಣ ಟ್ಯಾಂಕ್‌ಗಳನ್ನು ನಡೆಯುತ್ತಲೇ ನೋಡಿ. ನೇರ ಕುರೊಶಿಯೊಗೆ ಬನ್ನಿ.

ಕುರೊಶಿಯೊ ಅಂದರೆ ಕಪ್ಪು ಹೊಳೆ. ಫಿಲಿಪೀನ್ಸ್ ಕಡೆಯಿಂದ ಹೊರಟು ಓಕಿನಾವಾವನ್ನು ದಾಟಿ ಜಪಾನಿನ ದಡದ ಉದ್ದಕ್ಕೂ ಹರಿಯುವ ಬೆಚ್ಚಗಿನ ಸಮುದ್ರ ಪ್ರವಾಹ ಅದು. ದೋಣಿಯಿಂದ ನೋಡಿದರೆ ನೀರು ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಯಾಕೆ ಗೊತ್ತಾ? ಅದರಲ್ಲಿ ತಿನ್ನಲು ಏನೂ ಜಾಸ್ತಿ ಇಲ್ಲ. ನೀರಿನಲ್ಲಿ ಗೊಬ್ಬರದಂಥ ಸತ್ವ ಕಡಿಮೆ, ಹಾಗಾಗಿ ಸೂಕ್ಷ್ಮ ಪಾಚಿಯೂ ಕಡಿಮೆ, ಆದ್ದರಿಂದ ನೀರು ಅಷ್ಟು ತಿಳಿ. ನಮ್ಮ ಮಲ್ಪೆ, ಹೊನ್ನಾವರದ ಕಡಲು ಹಸಿರಾಗಿ ಕದಡಿದ ಹಾಗೆ ಇರುತ್ತದಲ್ವಾ, ಅದನ್ನು ಕೊಳಕು ಅಂದುಕೊಳ್ಳುವವರು ಬಹಳ. ಮಳೆಗಾಲದಲ್ಲಿ ನಮ್ಮ ದಡದ ಹತ್ತಿರ ತಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಜೊತೆಗೆ ಸತ್ವವನ್ನೂ ತರುತ್ತದೆ. ಪಾಚಿ ಹುಲುಸಾಗುತ್ತದೆ. ಬೂತಾಯಿ, ಬಂಗುಡೆ ರಾಶಿ ರಾಶಿ ಆಗುವುದು ಅದರಿಂದಲೇ. ಆ ಹಸಿರು ನೀರು ತುಂಬಿದ ಕಣಜ. ಈ ನೀಲಿ ನೀರು ಚೆಂದ, ಆದರೆ ಬಡವ. ಅದರಲ್ಲಿ ಬದುಕುವ ದೊಡ್ಡ ಮೀನುಗಳು ಊಟ ಹುಡುಕಿಕೊಂಡು ಸಾವಿರಾರು ಕಿಲೋಮೀಟರ್ ಅಲೆಯಬೇಕು. ಇಷ್ಟನ್ನು ಮಗನಿಗೆ ಮೊದಲೇ ಹೇಳಿ, ಆಮೇಲೆ ಟ್ಯಾಂಕ್ ಮುಂದೆ ಕೂರಿಸಿ.

ಇನ್ನು ಆ ಟ್ಯಾಂಕ್. ಹತ್ತು ಮೀಟರ್ ಆಳ, 75 ಲಕ್ಷ ಲೀಟರ್ ನೀರು. ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ 6,000 ಲೀಟರ್‌ನ ನೀರಿನ ಟ್ಯಾಂಕರ್ ಲೆಕ್ಕದಲ್ಲಿ 1,250 ಲೋಡ್. ಎದುರಿನ ಗೋಡೆ 8.2 ಮೀಟರ್ ಎತ್ತರ, 22.5 ಮೀಟರ್ ಅಗಲ, ದಪ್ಪ 60 ಸೆಂಟಿಮೀಟರ್. ಅಂದರೆ ಒಂದು ಮೊಳಕ್ಕಿಂತ ದಪ್ಪ. ನಾವು ಗಾಜು ಗಾಜು ಅನ್ನುತ್ತೇವೆ, ಆದರೆ ಅದು ಅಕ್ರಿಲಿಕ್. ಮಾಮೂಲಿ ಗಾಜನ್ನು ಅಷ್ಟು ದಪ್ಪ ಮಾಡಿದರೆ ಹಸಿರು ಬಣ್ಣಕ್ಕೆ ತಿರುಗಿ ಹಿಂದಿನದು ಸರಿಯಾಗಿ ಕಾಣುವುದಿಲ್ಲ. ಅಕ್ರಿಲಿಕ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುತ್ತಾ ಹೋದರೂ ತಿಳಿಯಾಗಿಯೇ ಉಳಿಯುತ್ತದೆ. ಗೋಡೆಯ ಬುಡದಲ್ಲಿ ಒಂದೊಂದು ಚದರ ಮೀಟರ್ ಮೇಲೂ ಎಂಟು ಟನ್ ಹತ್ತಿರದ ನೀರಿನ ಒತ್ತಡ ಇರುತ್ತದೆ. ಕಟ್ಟಿದಾಗ ಇದು ಪ್ರಪಂಚದಲ್ಲೇ ದೊಡ್ಡ ಅಕ್ರಿಲಿಕ್ ಕಿಟಕಿ. ಆಮೇಲೆ ದುಬೈಯಂಥ ಕಡೆ ಇದಕ್ಕಿಂತ ದೊಡ್ಡವು ಬಂದವು. ಬರಲಿ. ಅದರಿಂದ ಇದರ ಮುಂದೆ ಕೂರುವ ಸುಖ ಕಡಿಮೆಯಾಗುವುದಿಲ್ಲ.

ಎಲ್ಲಿ ಕೂರಬೇಕು? ಹಿಂದುಗಡೆ ಮೆಟ್ಟಿಲಿನ ಹಾಗೆ ಎತ್ತರದಲ್ಲಿ ಜಾಗ ಇದೆ, ಅಲ್ಲಿ ನಡುವೆ. ಪಕ್ಕದಿಂದ ಓರೆಯಾಗಿ ನೋಡಿದರೆ ಬೆಳಕು ಬಾಗಿ ಮೀನಿನ ಆಕಾರ ಎಳೆದ ಹಾಗೆ ಆಗುತ್ತದೆ. ನೇರವಾಗಿ ನೋಡುವಾಗಲೂ ಕಣ್ಣಿಗೆ ಒಂದು ಮೋಸ ಆಗುತ್ತದೆ, ಗಮನಿಸಿ. ನೀರಿನೊಳಗೆ ನಾಲ್ಕು ಮೀಟರ್ ಹಿಂದೆ ಇರುವ ಮೀನು ಮೂರು ಮೀಟರ್‌ನಲ್ಲಿ ಇದ್ದ ಹಾಗೆ ಕಾಣುತ್ತದೆ. ಫೋಟೋ ಬೇಕಾದರೆ ಕಪ್ಪು ಅಥವಾ ಕಡುಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ. ಬಿಳಿ ಅಂಗಿ ಹಾಕಿದರೆ ಶಾರ್ಕ್ ಹೊಟ್ಟೆಯ ಮೇಲೆ ನಿಮ್ಮ ಅಂಗಿಯೇ ಮೂಡುತ್ತದೆ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಮೀನಿಗೆ ಕಣ್ಣು ಮುಚ್ಚಿಕೊಳ್ಳಲು ನಮ್ಮ ಹಾಗೆ ರೆಪ್ಪೆ ಇಲ್ಲ.

ಈಗ ಜಿಂತಾ. ಇದು ಅಲ್ಲಿನ ಗಂಡು ವೇಲ್ ಶಾರ್ಕ್. 1995ರಿಂದ ಅವರ ಹತ್ತಿರ ಇದೆ. ಪ್ರಪಂಚದಲ್ಲಿ ಯಾವ ವೇಲ್ ಶಾರ್ಕನ್ನೂ ಇಷ್ಟು ವರ್ಷ ಸಾಕಿಲ್ಲ. ಉದ್ದ 8.8 ಮೀಟರ್. ಹೆಸರಿನಲ್ಲಿ ವೇಲ್ ಇದ್ದರೂ ತಿಮಿಂಗಿಲ ಅಲ್ಲ, ಅಪ್ಪಟ ಮೀನು. ಮಕ್ಕಳಿಗೆ ಒಂದು ಸುಲಭದ ಗುರುತು ಹೇಳಿಕೊಡಿ. ಬಾಲ ಎಡಕ್ಕೆ ಬಲಕ್ಕೆ ಆಡಿದರೆ ಮೀನು. ಮೇಲೆ ಕೆಳಗೆ ಆಡಿದರೆ ಡಾಲ್ಫಿನ್, ತಿಮಿಂಗಿಲದ ಜಾತಿ. ಮಧ್ಯಾಹ್ನ ಹೊರಗೆ ಡಾಲ್ಫಿನ್ ಕಂಡಾಗ ಮಗಳು ತಾನೇ ಹೇಳುತ್ತಾಳೆ.

ಅದು ಹತ್ತಿರ ಬಂದಾಗ ಬೆನ್ನಿನ ಚುಕ್ಕೆ ನೋಡಿ. ಬಿಳಿ ಚುಕ್ಕೆಗಳು, ನಡುನಡುವೆ ಗೆರೆಗಳು. ಜಪಾನಿನಲ್ಲಿ ಬೇಸಿಗೆಯಲ್ಲಿ ತೊಡುವ ಜಿಂಬೆಇ ಅನ್ನುವ ಬಟ್ಟೆಯ ವಿನ್ಯಾಸದ ಹಾಗಿದೆ ಅಂತ ಈ ಮೀನಿಗೆ ಅವರು ಜಿಂಬೆಇ ಶಾರ್ಕ್ ಅಂತಲೇ ಕರೆಯುತ್ತಾರೆ. ಒಂದೊಂದು ಮೀನಿಗೂ ಈ ಚುಕ್ಕೆ ಬೇರೆ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಆಕಾಶದ ನಕ್ಷತ್ರಗಳನ್ನು ಗುರುತಿಸಲು ಖಗೋಳದವರು ಮಾಡಿಕೊಂಡ ಲೆಕ್ಕವನ್ನೇ ತಂದು, ಫೋಟೋದಲ್ಲಿನ ಚುಕ್ಕೆ ಹೊಂದಿಸಿ ಇದು ಯಾವ ಶಾರ್ಕ್ ಅಂತ ಕಂಡುಹಿಡಿಯುತ್ತಾರೆ. ಹೊಟ್ಟೆಯ ಕೆಳಗೆ ಅಂಟಿಕೊಂಡು ಸವಾರಿ ಮಾಡುವ ಉದ್ದನೆಯ ಮೀನು ಕಂಡರೆ ಅದು ರೆಮೋರ. ಅದರ ನೆತ್ತಿಯ ಮೇಲೆ ಚಪ್ಪಲಿಯ ಅಟ್ಟೆಯಂಥ ಒಂದು ಬಿಲ್ಲೆ ಇರುತ್ತದೆ. ಬೆನ್ನಿನ ರೆಕ್ಕೆಯೇ ಹಾಗೆ ಬದಲಾದದ್ದು.

ಇನ್ನು ಮಗನ ಪ್ರಶ್ನೆ. ಜಿಂತಾ ಪಕ್ಕದ ಮೀನನ್ನು ತಿನ್ನದಿರುವುದಕ್ಕೆ ಕಾರಣ ಅದರ ಬಾಯಿಯ ರಚನೆ. ಬಾಯಿ ಅಗಲ, ಒಬ್ಬ ಹುಡುಗ ಒಳಗೆ ಹೋಗುವಷ್ಟು. ಆದರೆ ಗಂಟಲು ಸಣ್ಣದು. ಸಾವಿರಾರು ಹಲ್ಲು ಇವೆ, ಒಂದೊಂದೂ ಅಕ್ಕಿಕಾಳಿಗಿಂತ ಚಿಕ್ಕದು, ಊಟಕ್ಕೆ ಅವು ಉಪಯೋಗಕ್ಕೇ ಬರುವುದಿಲ್ಲ. ನೀರನ್ನು ಒಳಗೆ ಎಳೆದುಕೊಂಡು, ಕಿವಿರಿನ ಹತ್ತಿರದ ಜರಡಿಯಲ್ಲಿ ಸೋಸಿ, ಉಳಿದ ಸಣ್ಣ ಸೀಗಡಿಯಂಥ ಜೀವಿಗಳನ್ನು ನುಂಗುತ್ತದೆ. ನಮ್ಮ ಅಜ್ಜಿಯರು ಮೊರದಲ್ಲಿ ಕೇರಿದ ಹಾಗೆ ಅಂತ ಹೇಳಿ. ಉಳಿದ ಬೇಟೆಗಾರ ಮೀನುಗಳ ವಿಷಯ ಬೇರೆ. ಅವು ತಿನ್ನಬಲ್ಲವು. ಹೊಟ್ಟೆ ತುಂಬಿದ ಮೀನು ಸುಮ್ನೆ ಅಟ್ಟಿಸಿಕೊಂಡು ಹೋಗಿ ಶಕ್ತಿ ಕಳೆಯುವುದಿಲ್ಲ. ಅದಕ್ಕೇ ಯಾವುದಕ್ಕೆ ಎಷ್ಟು ಊಟ ಹೋಯಿತು ಅಂತ ದಿನಾ ಲೆಕ್ಕ ಇಡುತ್ತಾರೆ. ಹಾಗಿದ್ದೂ ಎಲ್ಲಾದರೂ ಒಮ್ಮೊಮ್ಮೆ ಬೆಳಿಗ್ಗೆ ಎಣಿಸಿದಾಗ ಒಂದು ಕಡಿಮೆ ಇರುತ್ತದೆ. ನಾನು ಕೆಲಸ ಮಾಡಿದ ಕಡೆಗಳಲ್ಲೂ ಆಗಿದೆ. ಮಗನಿಗೆ ಇದನ್ನು ಮುಚ್ಚಿಡಬೇಡಿ.

ಟ್ಯೂನಾ ಜಾತಿಯ ಮೀನುಗಳು ಅಲ್ಲಿ ನಿಲ್ಲುವುದೇ ಇಲ್ಲ, ನೋಡಿ. ಬಾಯಿ ಅರೆತೆರೆದು ಸುತ್ತುತ್ತಲೇ ಇರುತ್ತವೆ. ಮುಂದಕ್ಕೆ ಈಜಿದರೆ ಮಾತ್ರ ಅವುಗಳ ಕಿವಿರಿಗೆ ನೀರು ನುಗ್ಗುತ್ತದೆ, ನಿಂತರೆ ಉಸಿರಿಲ್ಲ. ತಳದಲ್ಲಿ ಮಲಗುವ ತೊರಕೆಗಳಿಗೆ, ಅಂದರೆ ಚಪ್ಪಟೆ ಮೈಯ ರೇ ಮೀನುಗಳಿಗೆ, ಆ ಕಷ್ಟವಿಲ್ಲ. ಕಣ್ಣಿನ ಹಿಂದಿರುವ ತೂತಿನಿಂದ ನೀರು ಎಳೆದುಕೊಳ್ಳುತ್ತವೆ. ಅವು ಗೋಡೆಯ ಬುಡಕ್ಕೆ ಬಂದಾಗ ಮಗಳನ್ನು ಹತ್ತಿರ ನಿಲ್ಲಿಸಿ, ಆ ತೂತು ತೆರೆದು ಮುಚ್ಚುವುದು ಕಾಣುತ್ತದೆ.

ಈ ವ್ಯತ್ಯಾಸ ನನಗೆ ಕಲಿಸಿದ್ದು ಒಂದು ಕೆಟ್ಟ ರಾತ್ರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ಮತ್ಸ್ಯಾಲಯದಲ್ಲಿದ್ದೆ. ಮಳೆಗಾಲ, ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಜನರೇಟರ್ ಹತ್ತಲಿಲ್ಲ. ಪಂಪ್ ನಿಂತ ಟ್ಯಾಂಕ್ ಎಷ್ಟು ನಿಶ್ಶಬ್ದ ಅಂತ ಆವತ್ತೇ ಗೊತ್ತಾದದ್ದು. ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನಾನೂ ಕಾವಲಿನವರೂ ಸ್ಟೂಲ್ ಮೇಲೆ ನಿಂತು ಬಕೆಟ್‌ನಲ್ಲಿ ಅದೇ ನೀರನ್ನು ಎತ್ತಿ ಎತ್ತಿ ಎತ್ತರದಿಂದ ಸುರಿದೆವು, ಗಾಳಿ ಬೆರೆಯಲಿ ಅಂತ. ಬೆಳಗಾಗುವವರೆಗೂ ಸುರಿದೆವು. ಸದಾ ಈಜುವ ಬೆಳ್ಳಿ ಮೈಯ ಮೀನುಗಳು ಮೊದಲು ಸತ್ತವು. ಕೊನೆಗೆ ಉಳಿದದ್ದು ತಳದ ತೊರಕೆ ಮತ್ತು ಕೆಲವು ಹಾವುಮೀನು. ಅಂದಿನಿಂದ ಯಾವ ಅಕ್ವೇರಿಯಂಗೆ ಹೋದರೂ ನಾನು ಮೊದಲು ಕೇಳಿಸಿಕೊಳ್ಳುವುದು ಪಂಪಿನ ಸದ್ದು. ಕುರೊಶಿಯೊ ಮುಂದೆ ಜನ ಕಡಿಮೆ ಇದ್ದಾಗ ಕಿವಿಗೊಡಿ. ಮೀನು ಮುಖ್ಯವಾಗಿ ಕಿವಿರಿನ ಮೂಲಕ ಹೊರಹಾಕುವ ಅಮೋನಿಯ ಅದಕ್ಕೇ ವಿಷ. ಅದನ್ನು ಬ್ಯಾಕ್ಟೀರಿಯಾ ತಿಂದು ತೆಗೆಯಬೇಕು, ಕಸ ಸೋಸಬೇಕು, ಗಾಳಿ ಬೆರೆಸಬೇಕು, ಕಡಲಿನ ಹೊಸ ನೀರು ತರಬೇಕು. ಗೋಡೆಯ ಹಿಂದೆ ಹಗಲು ರಾತ್ರಿ ಜನ ಇರುತ್ತಾರೆ.

ಹನ್ನೊಂದರ ಹೊತ್ತಿಗೆ ಜನ ತುಂಬುತ್ತಾರೆ. ಆಗ ಕೆಳಗಿನ ಆಳ ಸಮುದ್ರದ ಕೋಣೆಗಳನ್ನು ದಾಟಿ ಹೊರಗೆ ಬನ್ನಿ. ಅಲ್ಲಿ ಕತ್ತಲು ಜಾಸ್ತಿ, ಅಪ್ಪನ ಕೈ ಹಿಡಿದುಕೊಳ್ಳಿ.

ಊಟದ ಬಗ್ಗೆ. ಓಕಿನಾವಾದ ಹೆಸರಾದ ಅಡುಗೆ ಗೋಯಾ ಚಂಪುರು. ಗೋಯಾ ಅಂದರೆ ನಮ್ಮ ಹಾಗಲಕಾಯಿ! ಅಮ್ಮನಿಗೆ ಖುಷಿಯಾಗುತ್ತದೆ, ಆದರೆ ಹೋಟೆಲಿನಲ್ಲಿ ಅದಕ್ಕೆ ಹಂದಿಮಾಂಸವೋ ಮೊಟ್ಟೆಯೋ ಸೇರಿಸುತ್ತಾರೆ, ಮೇಲೆ ಒಣಮೀನಿನ ತುರಿ ಉದುರಿಸುತ್ತಾರೆ. ತರಕಾರಿ ಸಾರು ಅಂತ ಕೊಟ್ಟದ್ದರಲ್ಲೂ ಮೀನಿನ ದಾಶಿ, ಅಂದರೆ ಮೀನು ಹಾಕಿ ತೆಗೆದ ಕಟ್ಟು, ಇರುವುದೇ ಹೆಚ್ಚು. ನೀವು ಜಪಾನಿನಲ್ಲಿ ಇರುವವರು, ನಿಮಗೆ ಇದು ಗೊತ್ತಿರುತ್ತದೆ. ರೂಮಿನಲ್ಲಿ ಅಡುಗೆಮನೆ ಇರುವ ಕಡೆ ಉಳಿದು ಪುಳಿಯೋಗರೆಯೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗುವುದೇ ಸರಿ. ಪಾರ್ಕ್‌ನಲ್ಲಿ ಮರದ ನೆರಳು, ಬೆಂಚು ಬೇಕಾದಷ್ಟಿವೆ. ಎದುರಿಗೆ ಕಡಲು, ಅದರಾಚೆ ಚೂಪಾದ ಒಂದು ಗುಡ್ಡ ಎದ್ದು ನಿಂತ ಇಎ ದ್ವೀಪ.

ಹೊರಗಿನ ಮಾನಟಿ ಮನೆ, ಕಡಲಾಮೆ ಕೊಳ, ಡಾಲ್ಫಿನ್ ಕೊಳ ಇವಕ್ಕೆ ಟಿಕೆಟ್ ಇಲ್ಲ. ಮಾನಟಿ ನೀರಿನಲ್ಲೇ ಬದುಕುವ ದೊಡ್ಡ ಸಸ್ತನಿ, ಸಸ್ಯಾಹಾರಿ, ಸೊಪ್ಪು ತಿಂದುಕೊಂಡು ಹಾಯಾಗಿ ತೇಲುತ್ತಿರುತ್ತದೆ. ಅಮ್ಮನಿಗೆ ತುಂಬಾ ಹಿಡಿಸುತ್ತದೆ ಅಂತ ನನಗೆ ಖಾತ್ರಿ. ಇದರ ಹತ್ತಿರದ ಸಂಬಂಧಿ ಡುಗಾಂಗ್, ಅಂದರೆ ಕಡಲಹಸು, ನಮ್ಮ ದೇಶದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಕಡೆ ಉಳಿದುಕೊಂಡಿದೆ. ಓಕಿನಾವಾದ ಸುತ್ತ ಅದು ಕಾಣುವುದೇ ಅಪರೂಪವಾಗಿದೆ. ಕಡಲಾಮೆ ಕೊಳದ ಹತ್ತಿರ ಅಪ್ಪನಿಗೆ ಹೊನ್ನಾವರದ ಕಾಸರಕೋಡು ನೆನಪಿಸಿ. ಸಾಗರದಿಂದ ಘಟ್ಟ ಇಳಿದರೆ ಅದೇ ಅಲ್ವಾ. ಅಲ್ಲಿನ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಈಗಲೂ ಬಂದು ಮೊಟ್ಟೆ ಇಡುತ್ತವೆ.

ಡಾಲ್ಫಿನ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮ್ಮನ ಪ್ರಶ್ನೆಯೂ ಇಲ್ಲೇ ಬರುತ್ತದೆ.

ಫುಜಿ ಅನ್ನುವ ಹೆಣ್ಣು ಡಾಲ್ಫಿನ್ ಒಂದಿತ್ತು. 2002ರಲ್ಲಿ ಕಾಯಿಲೆಯಿಂದ ಅದರ ಬಾಲ ಕೊಳೆಯತೊಡಗಿತು. ಜೀವ ಉಳಿಸಲು ಬಾಲದ ರೆಕ್ಕೆಯ ಮುಕ್ಕಾಲು ಪಾಲು ಕತ್ತರಿಸಬೇಕಾಯಿತು. ಬದುಕಿತು, ಆದರೆ ಈಜದೆ ನೀರಿನಲ್ಲಿ ಸುಮ್ಮನೆ ತೇಲುತ್ತಿತ್ತು. ಅಲ್ಲಿನ ಡಾಕ್ಟರು ಬ್ರಿಡ್ಜ್‌ಸ್ಟೋನ್ ಟೈರ್ ಕಂಪನಿಯವರನ್ನು ಕೇಳಿಕೊಂಡರು. ಅವರು ರಬ್ಬರಿನಲ್ಲಿ ಕೃತಕ ಬಾಲ ಮಾಡಿದರು. ಡಾಲ್ಫಿನ್ ಬಾಲದ ರೆಕ್ಕೆಯಲ್ಲಿ ಮೂಳೆ ಇಲ್ಲ, ಬರೀ ಬಿಗಿಯಾದ ನಾರು. ರಬ್ಬರ್ ಹೊಂದಿಕೊಂಡದ್ದು ಅದಕ್ಕೇ. ಮತ್ತೆ ಮತ್ತೆ ತಿದ್ದಿ ಮಾಡಿದ ಬಾಲ ಕಟ್ಟಿಕೊಂಡು ಫುಜಿ ಮತ್ತೆ ಈಜಿತು, ನೀರಿನಿಂದ ಮೇಲಕ್ಕೆ ಹಾರಿತು ಕೂಡ. 2014ರಲ್ಲಿ ತೀರಿಕೊಂಡಿತು. ಪಾರ್ಕ್‌ನಲ್ಲಿ ಅದರ ಪ್ರತಿಮೆ ಇದೆ. ಮಕ್ಕಳಿಗೆ ಈ ಕಥೆ ಅಲ್ಲೇ ನಿಂತು ಹೇಳಿ.

ಓಕಿ-ಚಾನ್ ಥಿಯೇಟರಿನಲ್ಲಿ ಡಾಲ್ಫಿನ್ ಪ್ರದರ್ಶನವೂ ಇದೆ, ಅದಕ್ಕೂ ದುಡ್ಡಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಾನು ಪ್ರದರ್ಶನಕ್ಕೆ ಹೋಗುವುದಿಲ್ಲ. ಡಾಲ್ಫಿನ್ ಗುಂಪಿನಲ್ಲಿ ಬದುಕುವ ಪ್ರಾಣಿ. ಸದ್ದು ಕಳಿಸಿ ಅದರ ಪ್ರತಿಧ್ವನಿ ಕೇಳಿಯೇ ಸುತ್ತಲಿನದನ್ನು ತಿಳಿಯುತ್ತದೆ. ಸುತ್ತ ಗೋಡೆ ಇದ್ದರೆ ಅದಕ್ಕೆ ಸಿಗುವುದು ಗೋಡೆಯ ಉತ್ತರವೇ. ನಮ್ಮ ದೇಶದಲ್ಲಿ 2013ರಲ್ಲೇ ಡಾಲ್ಫಿನೇರಿಯಂಗಳಿಗೆ ಅನುಮತಿ ಕೊಡಬಾರದು ಅಂತ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಅದು ಸರಿ ಅಂತಲೇ ನನ್ನ ನಂಬಿಕೆ. ಜಪಾನಿನಲ್ಲೂ 2015ರಲ್ಲಿ ಅಲ್ಲಿನ ಮೃಗಾಲಯ, ಅಕ್ವೇರಿಯಂಗಳ ಸಂಘ ತಾಯ್ಜಿ ಅನ್ನುವ ಊರಿನಲ್ಲಿ ದೋಣಿಗಳಿಂದ ಅಟ್ಟಿ ಹಿಡಿದ ಡಾಲ್ಫಿನ್‌ಗಳನ್ನು ಸದಸ್ಯರು ಕೊಳ್ಳಬಾರದು ಅಂದಿತು. ನಿಮ್ಮ ಮಗಳಿಗೆ ಐದು ವರ್ಷ, ಅವಳ ಆಸೆಯನ್ನು ನೀವು ತೀರ್ಮಾನಿಸಿ. ಪ್ರದರ್ಶನವನ್ನು ಬಿಟ್ಟು, ಡಾಲ್ಫಿನ್ ಕೊಳದ ಹತ್ತಿರ ಅವು ತಮ್ಮ ಪಾಡಿಗೆ ಇರುವುದನ್ನು ತೋರಿಸಿದರೂ ಅವಳಿಗೆ ಡಾಲ್ಫಿನ್ ನೋಡಿದ ಹಾಗೆಯೇ ಆಗುತ್ತದೆ.

ಹಾಗಾದರೆ ಜಿಂತಾ? ಅಮ್ಮನ ಮಾತು ಇಲ್ಲೂ ನಾಟುತ್ತದೆ. ಹೊರಗಿನ ವೇಲ್ ಶಾರ್ಕ್ 1,000 ಮೀಟರ್‌ಗಿಂತ ಆಳಕ್ಕೆ ಮುಳುಗುತ್ತದೆ. ಇದಕ್ಕೆ ಸಿಕ್ಕಿರುವುದು ಹತ್ತು ಮೀಟರ್. ಇದನ್ನು ನಾನು ತಳ್ಳಿಹಾಕಲಾರೆ. ಆದರೆ ಇನ್ನೊಂದು ಮಾತನ್ನೂ ಅವರ ಮುಂದೆ ಇಡಿ. ಇದೇ ಟ್ಯಾಂಕ್‌ನಲ್ಲಿ 2007ರಲ್ಲಿ ಮಂಟಾ ತೊರಕೆಯೊಂದು ಮರಿ ಹಾಕಿತು. ಮನುಷ್ಯರು ಸಾಕಿದ ಕಡೆ ಪ್ರಪಂಚದಲ್ಲೇ ಅದು ಮೊದಲು. ಮಂಟಾ ಸುಮಾರು ಒಂದು ವರ್ಷ ಗರ್ಭ ಹೊತ್ತು ಒಂದೇ ಒಂದು ಮರಿ ಹಾಕುತ್ತದೆ ಅನ್ನುವುದು ಹೀಗೆ ಹತ್ತಿರದಿಂದ ನೋಡಿಯೇ ಖಚಿತವಾಯಿತು. ಬಸುರಿ ಮೀನಿಗೆ ನೀರೊಳಗೇ ಸ್ಕ್ಯಾನಿಂಗ್ ಮಾಡುವುದನ್ನೂ ಅಲ್ಲಿನವರು ರೂಢಿಸಿಕೊಂಡಿದ್ದಾರೆ. ಬಂಗುಡೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಹಿಡಿದರೂ ಮತ್ತೆ ತುಂಬಿಕೊಳ್ಳುತ್ತದೆ. ವರ್ಷವೆಲ್ಲ ಹೊತ್ತು ಒಂದೇ ಮರಿ ಹಾಕುವ ಪ್ರಾಣಿ ಬಲೆಗೆ ಬಿದ್ದರೆ ತುಂಬಿಕೊಳ್ಳುವುದು ಎಲ್ಲಿಂದ? ಮಂಟಾ ಹಿಡಿಯಬೇಡಿ ಅಂತ ಮೀನುಗಾರರ ಮುಂದೆ ನಿಂತು ಹೇಳುವಾಗ ಈ ಒಂದು ವಿಷಯ ನನಗೆ ಬಹಳ ಕೆಲಸಕ್ಕೆ ಬಂದಿದೆ.

ನಮ್ಮಲ್ಲೂ ವೇಲ್ ಶಾರ್ಕ್ ಇದೆ, ಅಮ್ಮನಿಗೆ ಇದನ್ನು ಹೇಳಿ. ಗುಜರಾತಿನ ಸೌರಾಷ್ಟ್ರದ ದಡಕ್ಕೆ ಇವು ಬರುತ್ತವೆ. ಒಂದು ಕಾಲಕ್ಕೆ ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯಲು, ಮಾಂಸ ಮಾರಲು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಆದರೆ ಕಾಯ್ದೆಗಿಂತ ಜಾಸ್ತಿ ಕೆಲಸ ಮಾಡಿದ್ದು ರಾಮಕಥೆ ಹೇಳುವ ಮುರಾರಿ ಬಾಪು ಅವರ ಮಾತು. ಇದು ಹೆರಿಗೆಗೆ ತವರಿಗೆ ಬಂದ ಮಗಳ ಹಾಗೆ ಅಂತ ಅವರು ಜನರಿಗೆ ಹೇಳಿದರು. ಪ್ರೀತಿಯಿಂದ ಅದನ್ನು ವಹಾಲಿ ಅಂತ ಕರೆದರು. ಆಮೇಲೆ ಮೀನುಗಾರರೇ ತಮ್ಮ ಬಲೆ ಕತ್ತರಿಸಿ ಶಾರ್ಕ್ ಬಿಡತೊಡಗಿದರು. ಒಂದು ಬಲೆ ಅಂದರೆ ಒಂದು ಕುಟುಂಬದ ಹೊಟ್ಟೆಪಾಡು. ಅದನ್ನು ಕೈಯಾರೆ ಕತ್ತರಿಸುವುದು ಸಣ್ಣ ವಿಷಯ ಅಲ್ಲ.

ನಾಲ್ಕರ ಮೇಲೆ ಮತ್ತೆ ಒಳಗೆ ಹೋಗಿ. ಆಗ ಜನ ಕರಗಿರುತ್ತಾರೆ. ವೇಲ್ ಶಾರ್ಕ್‌ಗೆ ಊಟ ಹಾಕುವುದು ಸಾಮಾನ್ಯವಾಗಿ ಮೂರಕ್ಕೆ ಮತ್ತು ಐದಕ್ಕೆ. ಬೆಳಿಗ್ಗೆಯೇ ಬೋರ್ಡ್‌ನಲ್ಲಿ ಸಮಯ ನೋಡಿಟ್ಟುಕೊಳ್ಳಿ. ನೀವು ಐದರದ್ದನ್ನು ಹಿಡಿಯಿರಿ. ನಾಲ್ಕೂವರೆಗೇ ಅಪ್ಪನ ಕುರ್ಚಿಯನ್ನು ನಡುವೆ ನಿಲ್ಲಿಸಿಕೊಂಡು ಕೂತುಬಿಡಿ. ಬೆಳಗಿನ ಒಂದು ಗಂಟೆ ಕೂತಿದ್ದಕ್ಕೆ ಫಲ ಸಿಗುವುದು ಈಗ. ಊಟದ ಹೊತ್ತು ಹತ್ತಿರವಾಗುತ್ತಿದ್ದಂತೆ ಮೀನುಗಳ ಸುತ್ತಾಟ ಬದಲಾಗುವುದು ನಿಮಗೇ ಗೊತ್ತಾಗುತ್ತದೆ. ನೀರಿನ ಮೇಲಿಂದ ಸೌಟಿನಲ್ಲಿ ಸಣ್ಣ ಸೀಗಡಿ ಸುರಿಯುತ್ತಾರೆ. ಜಿಂತಾ ನಿಧಾನವಾಗಿ ತಲೆ ಎತ್ತುತ್ತದೆ. ಬಾಲ ಕೆಳಗೆ, ತಲೆ ಮೇಲೆ, ಇಡೀ 8.8 ಮೀಟರ್ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಟ್ಯಾಂಕನ್ನು ಹತ್ತು ಮೀಟರ್ ಆಳ ಮಾಡಿದ್ದು ಇದಕ್ಕೆ ಅನುಕೂಲವಾಯಿತು. ಬಾಯಿ ತೆರೆದು ನೀರನ್ನು ಒಳಗೆ ಎಳೆದಾಗ ಕಿವಿರಿನ ಐದು ಸೀಳುಗಳು ಪರದೆಯ ಹಾಗೆ ಅಲುಗಿ ನೀರು ಹೊರಗೆ ಬರುತ್ತದೆ. ಮಗನಿಗೆ ಬಾಯಿ ನೋಡಬೇಡ, ಆ ಸೀಳುಗಳನ್ನು ನೋಡು ಅನ್ನಿ. ಬೆಳಿಗ್ಗೆ ಹೇಳಿದ ಜರಡಿ ಕೆಲಸ ಮಾಡುವುದು ಅಲ್ಲೇ.

ನವೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಐದೂಮುಕ್ಕಾಲರ ಆಸುಪಾಸು. ಊಟ ಮುಗಿದ ಕೂಡಲೇ ಹೊರಗೆ ಬಂದರೆ ಇಎ ದ್ವೀಪದ ಕಡೆ ಆಕಾಶ ಇನ್ನೂ ಕೆಂಪಾಗಿರುತ್ತದೆ. ಪಾರ್ಕಿಂಗ್‌ಗೆ ಹತ್ತುವ ದಾರಿಯಲ್ಲಿ ಎಸ್ಕಲೇಟರ್ ಇದೆ. ಅಪ್ಪನನ್ನು ಅದರಲ್ಲೇ ಕರೆದುಕೊಂಡು ಹೋಗಿ, ಮೆಟ್ಟಿಲು ಬೇಡ. ಗಾಲಿಕುರ್ಚಿ ವಾಪಸ್ ಕೊಡುವ ಜಾಗವನ್ನು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.